ಒಗರನ್ನು ಸವಿಯುವ ಬಿಳಿ ವೈನ್: ಕಾಖೇತಿಯ ಕ್ವೆವ್ರಿ ರ್‌ಕಾತ್ಸಿತೇಲಿ

ಹೆಸರಿಗೆ ಇದು ಬಿಳಿ ದ್ರಾಕ್ಷಿಯ ವೈನ್. ಗ್ಲಾಸಿಗೆ ಬಗ್ಗಿಸಿದರೆ ಹಾಲು ಹಾಕದ ಚಹಾದ ಬಣ್ಣ. ಮೊದಲ ಗುಟುಕಿಗೇ ನಾಲಿಗೆಯ ಅಂಚು, ಒಸಡು ಬಿಗಿದುಕೊಳ್ಳುತ್ತವೆ, ನೇರಳೆಹಣ್ಣು ತಿಂದ ಹಾಗೆ. ಕೆಟ್ಟುಹೋಗಿದೆ ಅಂತ ಗ್ಲಾಸು ಪಕ್ಕಕ್ಕಿಡುವವರು ಕಡಿಮೆಯೇನಿಲ್ಲ. ಆದರೆ ಜಾರ್ಜಿಯಾ ದೇಶದ ಪೂರ್ವದ ಕಾಖೇತಿ ಸೀಮೆಯಲ್ಲಿ ರ್‌ಕಾತ್ಸಿತೇಲಿ ದ್ರಾಕ್ಷಿಯನ್ನು ಕ್ವೆವ್ರಿ ಎಂಬ ಮಣ್ಣಿನ ಗುಡಾಣದಲ್ಲಿ ಹುಳಿಸಿದ ವೈನ್ ಇರಬೇಕಾದದ್ದೇ ಹೀಗೆ. ಇದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಘಮಕ್ಕಿಂತ ಒಗರನ್ನು ಗಮನಿಸಬೇಕು.

ಮಾಮೂಲಿ ಬಿಳಿ ವೈನಿಗೆ ದ್ರಾಕ್ಷಿ ಹಿಂಡಿದ ಕೂಡಲೇ ಸಿಪ್ಪೆ, ಬೀಜ ತೆಗೆದು ಬರೀ ರಸ ಹುಳಿಸುತ್ತಾರೆ. ಕಾಖೇತಿ ಪದ್ಧತಿಯಲ್ಲಿ ರಸದ ಜೊತೆ ಸಿಪ್ಪೆ, ಬೀಜ, ಬಲಿತ ತೊಟ್ಟು ಎಲ್ಲವೂ ಗುಡಾಣಕ್ಕೆ ಬೀಳುತ್ತವೆ. ಕ್ವೆವ್ರಿ ಎಂದರೆ ಕೈಯಲ್ಲೇ ಸುತ್ತು ಸುತ್ತಾಗಿ ಏರಿಸಿ ಸುಟ್ಟ, ಒಳಗೆ ಜೇನುಮೇಣ ಬಳಿದ, ಮೊಟ್ಟೆಯಾಕಾರದ ಮಣ್ಣಿನ ಗುಡಾಣ. ನಮ್ಮ ಉತ್ತರ ಕರ್ನಾಟಕದ ಹಗೇವಿನ ಹಾಗೆ ಬಾಯಿ ಮಾತ್ರ ಕಾಣುವಂತೆ ನೆಲದಲ್ಲಿ ಹೂತಿರುತ್ತಾರೆ. ತಂಪು ಕಾಯುವ ಕೆಲಸ ಮಣ್ಣಿನದು. ಹೊರಗಿನ ಯೀಸ್ಟ್ ಹಾಕುವುದಿಲ್ಲ. ಹುಳಿಯುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತದೆ. ದಿನಕ್ಕೆ ಮೂರ್ನಾಲ್ಕು ಸಲವಾದರೂ ಅದನ್ನು ಕೋಲಿನಿಂದ ಕೆಳಗೆ ಅದುಮಬೇಕು. ತಪ್ಪಿದರೆ ಪದರ ಒಣಗಿ, ಗಾಳಿ ತಾಗಿ ವಿನೆಗರ್ ಆಗಲು ಶುರು. ಹುಳಿತ ಮುಗಿದಾಗ ಸಿಪ್ಪೆ ತಾನೇ ಮುಳುಗುತ್ತದೆ. ಆಗ ಕಂಠಮಟ್ಟ ತುಂಬಿಸಿ, ಬಾಯಿಗೆ ಮುಚ್ಚಳವಿಟ್ಟು, ಮಣ್ಣು ಮೆತ್ತಿ ಐದಾರು ತಿಂಗಳು ಬಿಟ್ಟುಬಿಡುತ್ತಾರೆ.

ಜಾಣತನ ಇರುವುದು ಚೂಪು ತಳದಲ್ಲಿ. ಬೀಜಗಳು ಜಾರಿ ತುದಿಗೆ ಹೋಗಿ ಕೂರುತ್ತವೆ, ಅವುಗಳ ಮೇಲೆ ಯೀಸ್ಟಿನ ಗಸಿ ಮುಚ್ಚಿಕೊಳ್ಳುತ್ತದೆ. ಬೀಜದ ಕಹಿ ಬಹುಪಾಲು ಅಲ್ಲೇ ಉಳಿದು, ವೈನಿಗೆ ಸಿಗುವುದು ಹೆಚ್ಚಾಗಿ ಸಿಪ್ಪೆಯ ಒಗರು. ಈ ವಿಧಾನವನ್ನು ಯುನೆಸ್ಕೋ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. (ಸೇರಿದ್ದು ವಿಧಾನ, ಅಂಗಡಿಯ ಪ್ರತಿ ಬಾಟಲಿಯಲ್ಲ. ಮಾರುವವರಿಗೆ ಇದು ಬೇಗ ಮರೆತುಹೋಗುತ್ತದೆ.)

ಮೂಗಿಗೆ ಮೊದಲು ಸಿಗುವುದು ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ. ಹತ್ತು ನಿಮಿಷ ಬಿಟ್ಟರೆ ಅಕ್ರೋಟು, ಒಣಹುಲ್ಲು. ಘಮದಲ್ಲಿ ಜೇನು ಇದ್ದರೂ ಬಾಯಲ್ಲಿ ಸಿಹಿ ಇಲ್ಲ. ರ್‌ಕಾತ್ಸಿತೇಲಿ ಮೊದಲೇ ಹುಳಿ ಜಾಸ್ತಿಯ ತಳಿ. ಒಳ್ಳೆಯ ಬಾಟಲಿಯಲ್ಲಿ ಒಗರು ನುಣ್ಣಗಿರುತ್ತದೆ, ನುಂಗಿದ ಅರೆ ನಿಮಿಷಕ್ಕೆ ಬಾಯಲ್ಲಿ ನೀರೂರುತ್ತದೆ. ಕಳಪೆಯದರಲ್ಲಿ ಬಾಯಿ ಒಣಗಿದ್ದು ಒಣಗಿಯೇ ಇರುತ್ತದೆ, ಗಂಟಲ ಹತ್ತಿರ ಹಸಿ ಕಡ್ಡಿಯ ಕಹಿ. ತೊಟ್ಟು ಹಸಿರಿದ್ದಾಗಲೇ ಹಾಕಿದರೆ ಹೀಗಾಗುತ್ತದೆ.

ನಿಜವಾದ ದೋಷಗಳು ಬೇರೆಯೇ ಇವೆ. ವೈನ್ ಕೆಡದಂತೆ ಸಲ್ಫೈಟ್ ಹಾಕುವುದುಂಟು. ಐರೋಪ್ಯ ಒಕ್ಕೂಟದಲ್ಲಿ ಸಿಹಿಯಿಲ್ಲದ ಬಿಳಿ ವೈನಿಗೆ ಲೀಟರಿಗೆ 200 ಮಿಲಿಗ್ರಾಂವರೆಗೆ ಅವಕಾಶವಿದೆ; ಸಹಜ ವೈನ್ ಮಾಡುವವರು ಅದರ ಚಿಕ್ಕ ಪಾಲನ್ನಷ್ಟೇ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ. ಹಾಗಾಗಿ ಒಂದೇ ಪೆಟ್ಟಿಗೆಯ ಎರಡು ಬಾಟಲಿ ಒಂದೇ ಥರ ಇರುತ್ತವೆಂಬ ಖಾತರಿ ಇಲ್ಲ. ತೆರೆದಾಗ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಗಾಬರಿ ಬೇಡ, ಜಗ್ಗಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಉಗುರಿನ ಬಣ್ಣದ ಘಾಟು ಮೂಗಿಗೆ ಹೊಡೆದರೆ ಹೋಗುವುದಿಲ್ಲ. ಎಲ್ಲಕ್ಕಿಂತ ಮೋಸದ್ದು ‘ಇಲಿ ವಾಸನೆ’. ಮೂಸಿದಾಗ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ವೈನಿನ ಹುಳಿಯಲ್ಲಿ ಆ ಅಂಶ ಆವಿಯಾಗುವುದಿಲ್ಲ. ಜೊಲ್ಲು ಸೇರಿ ಹುಳಿ ತಗ್ಗಿದ ಮೇಲೆ, ನುಂಗಿ ಹತ್ತು ಹದಿನೈದು ಸೆಕೆಂಡಿಗೆ, ಇಲಿಯ ಗೂಡಿನ ವಾಸನೆ ಏಳುತ್ತದೆ. ಎರಡು ಹನಿ ಮುಂಗೈಗೆ ಉಜ್ಜಿ ಮೂಸಿದರೆ ಕುಡಿಯುವ ಮೊದಲೇ ಸಿಕ್ಕಿಬೀಳುವುದುಂಟು. ಕೆಲವರಿಗೆ ಈ ವಾಸನೆ ತಿಳಿಯುವುದೇ ಇಲ್ಲ, ಆದ್ದರಿಂದ ಜೊತೆಯವರ ಕೈಗೂ ಹಚ್ಚಿ ನೋಡಿ.

ಫ್ರಿಜ್ಜಿನಿಂದ ತೆಗೆದು ನೇರ ಬಗ್ಗಿಸುವುದೇ ದೊಡ್ಡ ತಪ್ಪು. ಐದಾರು ಡಿಗ್ರಿಯಲ್ಲಿ ಒಗರು ಮುಳ್ಳಾಗುತ್ತದೆ, ಘಮ ಏಳುವುದಿಲ್ಲ. 13ರಿಂದ 15 ಡಿಗ್ರಿ ಸರಿ. ಬೆಂಗಳೂರಿನ ಮನೆಯಲ್ಲಾದರೆ ಬಾಟಲಿಯನ್ನು ಮುಕ್ಕಾಲು ಗಂಟೆ ಮೊದಲು ಹೊರಗಿಡಿ. ಸೋಸದೆ ತುಂಬಿಸಿದ್ದಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಬಗ್ಗಿಸುವಾಗ ಕೊನೆಯ ಒಂದು ಬೆರಳಿನಷ್ಟು ಬಿಡಿ. ಗಸಿಯಿಂದ ಅಪಾಯವಿಲ್ಲ, ರುಚಿ ಮಾತ್ರ ಮಣ್ಣುಮಣ್ಣು. ತೆರೆದ ಬಾಟಲಿ ಬಿರಟೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ಬರುತ್ತದೆ. ಎರಡನೇ ದಿನದ್ದೇ ಎಷ್ಟೋ ಸಲ ಮೊದಲ ದಿನಕ್ಕಿಂತ ಮೇಲು.

ಬರಿದೇ ಕುಡಿಯುವ ವೈನ್ ಇದಲ್ಲ. ಎಣ್ಣೆ, ಕೊಬ್ಬು ಇದ್ದರೆ ಒಗರು ಹದಕ್ಕೆ ಬರುತ್ತದೆ. ಜಾರ್ಜಿಯಾದವರು ಅಕ್ರೋಟಿನ ಹಿಟ್ಟು ಮೆತ್ತಿದ ಬದನೆಕಾಯಿ ತಿನ್ನುತ್ತಾರೆ. ನಮ್ಮ ಶೇಂಗಾ-ಎಳ್ಳಿನ ಎಣ್ಣೆಗಾಯಿ ಅದಕ್ಕೆ ಹತ್ತಿರದ ನೆಂಟ. ಖಾರ ಮಾತ್ರ ಅರ್ಧಕ್ಕೆ ಇಳಿಸಿ, ಒಗರೂ ಖಾರವೂ ಸೇರಿದರೆ ಬಾಯಿ ಉರಿಯುತ್ತದೆ. ಹುಣಸೆ, ಕಾಚಂಪುಳಿ ಜೋರಾದ ಅಡುಗೆಯ ಮುಂದೆ ವೈನ್ ಸಪ್ಪೆಯಾಗುತ್ತದೆ.

ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ ಕೊಳ್ಳುವುದಾದರೆ ‘ಅಂಬರ್’ ಎಂಬ ಪದವೊಂದನ್ನೇ ನಂಬಬೇಡಿ, ಸ್ಟೀಲ್ ಟ್ಯಾಂಕಿನಲ್ಲಿ ಸಿಪ್ಪೆ ನೆನೆಸಿದ್ದಕ್ಕೂ ಅದೇ ಹೆಸರು, ‘ಕ್ವೆವ್ರಿ’ ಎಂದಿರಬೇಕು. ಮೊದಲ ಸಲಕ್ಕೆ ಕಾಖೇತಿಯದು ಭಾರವೆನಿಸಿದರೆ ಪಶ್ಚಿಮದ ಇಮೆರೇತಿಯದು ಕೇಳಿ. ಅಲ್ಲಿ ಸಿಪ್ಪೆ ಸ್ವಲ್ಪವೇ ಹಾಕುತ್ತಾರೆ, ತೊಟ್ಟು ಹಾಕುವುದಿಲ್ಲ. ಭಾರತಕ್ಕೆ ಬರುವ ವಯಸ್ಕರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್, ಅಂದರೆ 750 ಮಿಲಿಯ ಎರಡೇ ಬಾಟಲಿ. ತಂದ ಮೇಲೆ ಅಡುಗೆಮನೆಯ ಕಪಾಟಿನಲ್ಲಿ ಬೇಸಿಗೆ ಕಳೆಯಲು ಬಿಡಬೇಡಿ, ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿಡಿ.