ರಿಫ್ರ್ಯಾಕ್ಟೋಮೀಟರ್: ಕಾರವಾರದ ಹವಳದ ತೊಟ್ಟಿಗೆ ಎಷ್ಟು ನಂಬಬಹುದು?

ಹವಳ ಸಾಕುವ ಕಡಲನೀರಿನ ತೊಟ್ಟಿಯಲ್ಲಿ ಉಪ್ಪಿನಂಶ ಅಳೆಯಲು ತೇಲುವ ಹೈಡ್ರೋಮೀಟರ್‌ಗಿಂತ ಕೈಯಲ್ಲಿ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಖಂಡಿತ ಮೇಲು; ನೀರು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರಿಂದ ಅದು ಉಪ್ಪು ಅಳೆಯುತ್ತದೆ. ಗಾಜಿನ ಮೇಲೆ ತೊಟ್ಟಿಯ ನೀರಿನ ಎರಡು ಹನಿ ಬಿಟ್ಟು, ಗಾಳಿಗುಳ್ಳೆ ಸಿಕ್ಕದಂತೆ ಮುಚ್ಚಿ, ಅರ್ಧ ನಿಮಿಷ ಕಾದು ಬೆಳಕಿನತ್ತ ನೋಡಿದರಾಯಿತು.

ಎಡವುವುದು ಹೊಂದಿಸುವಲ್ಲಿ. ಅಗ್ಗದ ಎಷ್ಟೋ ಮಾದರಿಗಳ ಅಳತೆಪಟ್ಟಿ ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಮಾಡಿದ್ದು, ಕಡಲನೀರಿಗಲ್ಲ. ಆರ್‌ಒ ನೀರು ಹಾಕಿ ಸರಿಯಾಗಿ ಸೊನ್ನೆಗೆ ತಂದರೂ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ಕಡಲನೀರು ಅದರಲ್ಲಿ ಸುಮಾರು 36.5 ತೋರುತ್ತದೆ. ಅದನ್ನೇ ನಂಬಿ ಸಿಹಿನೀರು ಬೆರೆಸಿದರೆ ಕ್ಷಾರತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ಒಟ್ಟಿಗೆ ಇಳಿಯುತ್ತವೆ. ಆಮೇಲೆ ಕಾರಣ ತಿಳಿಯದೆ ಡೋಸಿಂಗ್ (ಇವುಗಳನ್ನು ತೊಟ್ಟಿಗೆ ಹಾಕುವ ಪ್ರಮಾಣ) ಏರಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಹೀಟರ್, ಪಂಪುಗಳಿಗೆ ಮೆತ್ತಿಕೊಳ್ಳುತ್ತದೆ.

ಹಾಗಾಗಿ 35 ಪಿಪಿಟಿ ಕಡಲನೀರಿಗೆ ಸಮನಾಗಿ ಬೆಳಕು ಬಾಗಿಸುವ ದ್ರಾವಣ ಹಾಕಿ, ಗೆರೆ 35ಕ್ಕೆ ಬರುವವರೆಗೆ ಸ್ಕ್ರೂ ತಿರುಗಿಸಿ. ಮನೆಯಲ್ಲೇ ಮಾಡುವುದಾದರೆ 963.5 ಗ್ರಾಂ ಡಿಸ್ಟಿಲ್ಡ್ ವಾಟರ್‌ಗೆ 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್; ತೂಗಿಯೇ ಹಾಕಬೇಕು, ಚಮಚದ ಲೆಕ್ಕ ಬೇಡ.

ಮಳೆಗಾಲದಲ್ಲಿ ಈ ಉಪಕರಣ ಇಲ್ಲದೆ ಕಡಲನೀರು ತಂದು ತುಂಬಿಸಲೇಬೇಡಿ. ಕಾಳಿ ನದಿಯ ಸಿಹಿನೀರು ಸೇರಿ ಅಳಿವೆಯ ಸುತ್ತ ಉಪ್ಪು ಬಹಳ ಇಳಿದಿರುತ್ತದೆ, ಮೆದುಹವಳ ಮುದುಡಿಕೊಳ್ಳುತ್ತದೆ. (ನೇತ್ರಾಣಿ ದ್ವೀಪದ ಹವಳಕ್ಕಂತೂ ಯಾರೂ ಕೈ ಹಚ್ಚಬಾರದು, ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.)

ಪ್ರತಿ ಸಲ ಬಳಸಿದ ಮೇಲೆ ಸಿಹಿನೀರಲ್ಲಿ ಒರೆಸಿಡಿ. ಒಣಗಿದ ಉಪ್ಪು ಮುಂದಿನ ಅಳತೆಯನ್ನು ಹೆಚ್ಚಾಗಿ ತೋರಿಸುತ್ತದೆ. ಕೊಳ್ಳುವಾಗ ಕಡಲನೀರಿನ ಅಳತೆಪಟ್ಟಿಯಿರುವುದನ್ನೇ ಕೇಳಿ.