ಹುದುಗಿದ ಕೋರೆಹಲ್ಲಿನ ಚಿಕಿತ್ಸೆ: ಒಂದು ದಂತ ಚಿಕಿತ್ಸಾಲಯದ ಸೇವೆಯ ವಿಮರ್ಶೆ

ನನ್ನ ಮಗಳಿಗೆ 13 ತುಂಬಿದ್ದರೂ ಮೇಲ್ದವಡೆಯ ಎಡಬದಿಯ ಹಾಲುಕೋರೆ ಅಲುಗಾಡದೆ ನಿಂತಿತ್ತು. ಅದರ ಜಾಗಕ್ಕೆ ಇಳಿಯಬೇಕಾದ ಶಾಶ್ವತ ಕೋರೆಹಲ್ಲು ಅಂಗುಳದ ಕಡೆಗೆ ಓರೆಯಾಗಿ ಮೂಳೆಯೊಳಗೆ ಹುದುಗಿತ್ತು. ಅದನ್ನು ಹೊರತೆಗೆದು ಸಾಲಿನಲ್ಲಿ ನಿಲ್ಲಿಸಿದ ಚಿಕಿತ್ಸಾಲಯದ ಸೇವೆಯನ್ನು ಒಟ್ಟಾರೆ ಮೆಚ್ಚಿಯೇ ಬರೆಯುತ್ತಿದ್ದೇನೆ. ಆದರೆ ಆ ಮೆಚ್ಚುಗೆಯ ಹೆಚ್ಚಿನ ಪಾಲು ಶಸ್ತ್ರಚಿಕಿತ್ಸೆಗಿಂತ ಮೊದಲು ಅಲ್ಲಿ ನಡೆದ ತಪಾಸಣೆಗೆ ಸಲ್ಲಬೇಕು.

ಮೊದಲ ಭೇಟಿಯಲ್ಲಿ ಆರ್ಥೊಡಾಂಟಿಸ್ಟ್ (ಹಲ್ಲುಗಳನ್ನು ಸರಿಯಾದ ಸಾಲಿಗೆ ತರುವ ದಂತತಜ್ಞರು) ಎಕ್ಸ್-ರೇ ಬರೆದುಕೊಡುವ ಮುನ್ನ ಬೆರಳಿನಿಂದ ವಸಡನ್ನು ಮುಟ್ಟಿ ನೋಡಿದರು. ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11–12ರ ವಯಸ್ಸಿನಲ್ಲಿ ಮೂಡುತ್ತದೆಯಾದರೂ, 9–10ರ ಹೊತ್ತಿಗೇ ತುಟಿಯ ಕಡೆಯ ವಸಡಿನ ಮೇಲ್ಭಾಗದಲ್ಲಿ ಅದರ ಉಬ್ಬು ಬೆರಳಿಗೆ ಸಿಗಬೇಕು ಎಂದು ವಿವರಿಸಿದರು. ಮಗಳಿಗೆ ಎಡಗಡೆ ಆ ಉಬ್ಬು ಇರಲಿಲ್ಲ. ಬದಲಿಗೆ ಅಂಗುಳದ ಬದಿಯಲ್ಲಿ ಗಟ್ಟಿಯಾದ ಸಣ್ಣ ಏರು ತಾಗುತ್ತಿತ್ತು. ಪಕ್ಕದ ಬಾಚಿಹಲ್ಲು ಗಾತ್ರದಲ್ಲಿ ಚಿಕ್ಕದಾಗಿರುವುದನ್ನೂ ಅವರು ಗುರುತು ಹಾಕಿಕೊಂಡರು, ಏಕೆಂದರೆ ಕೋರೆಹಲ್ಲು ಕೆಳಗಿಳಿಯುವಾಗ ಆ ಬಾಚಿಹಲ್ಲಿನ ಬೇರನ್ನೇ ಆಸರೆಯಾಗಿ ಹಿಡಿದು ಬರುತ್ತದೆ, ಮತ್ತು ಅದು ಚಿಕ್ಕದಿದ್ದಾಗ ಅಥವಾ ಇಲ್ಲದಿದ್ದಾಗ ದಾರಿ ತಪ್ಪುವ ಸಂಭವ ಹೆಚ್ಚು.

ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್-ರೇಯಲ್ಲಿ ಹಲ್ಲು ಹುದುಗಿರುವುದು ಕಾಣುತ್ತದೆಯೇ ಹೊರತು, ಅದು ತುಟಿಯ ಕಡೆಗಿದೆಯೋ ಅಂಗುಳದ ಕಡೆಗಿದೆಯೋ ಎಂಬುದು ಖಚಿತವಾಗುವುದಿಲ್ಲ. ಅದಕ್ಕಾಗಿ ಎಕ್ಸ್-ರೇ ಕೊಳವೆಯನ್ನು ಪಕ್ಕಕ್ಕೆ ಸರಿಸಿ ಎರಡು ಸಣ್ಣ ಚಿತ್ರಗಳನ್ನು ತೆಗೆದರು. ಎರಡು ಬೆರಳುಗಳನ್ನು ಒಂದರ ಹಿಂದೆ ಒಂದು ಹಿಡಿದು ತಲೆಯನ್ನು ಬಲಕ್ಕೆ ಸರಿಸಿದರೆ ಹಿಂದಿನ ಬೆರಳೂ ಬಲಕ್ಕೆ ಸರಿದಂತೆ ಕಾಣುತ್ತದಲ್ಲ, ಹಾಗೆಯೇ ಕೊಳವೆ ಸರಿದ ದಿಕ್ಕಿಗೇ ಹಲ್ಲಿನ ನೆರಳೂ ಸರಿದಿದ್ದರೆ ಅದು ಅಂಗುಳದ ಕಡೆಗಿದೆ ಎಂದರ್ಥ. ಇಷ್ಟಾದ ಮೇಲೆಯೇ ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್-ರೇ) ಬೇಕೆಂದರು. ಅದರಲ್ಲಿ ವಿಕಿರಣ ಹೆಚ್ಚು, ಆದ್ದರಿಂದ ಬೇಕಾದ ಭಾಗಕ್ಕಷ್ಟೇ ಸೀಮಿತವಾಗಿ ತೆಗೆಸೋಣ, ಕೋರೆಹಲ್ಲು ಪಕ್ಕದ ಬೇರನ್ನು ಕರಗಿಸಿದೆಯೇ ಎಂಬುದು ತಿಳಿಯಬೇಕಾಗಿದೆ ಎಂದು ಕಾರಣವನ್ನೂ ಹೇಳಿದರು. ಬಾಚಿಹಲ್ಲಿನ ಬೇರು ಸ್ವಲ್ಪ ಸವೆದಿರುವುದು ಅದರಲ್ಲಿಯೇ ಸ್ಪಷ್ಟವಾಯಿತು. ಪ್ರತಿ ಚಿತ್ರದ ಹಿಂದೆಯೂ ಒಂದು ಪ್ರಶ್ನೆ ಇತ್ತೆಂಬುದು ನನಗೆ ಹಿಡಿಸಿತು.

ಇದಕ್ಕೂ ಮುಂಚೆ ಮಗಳನ್ನು ವರ್ಷಗಳ ಕಾಲ ನೋಡಿದ್ದ ಇನ್ನೊಂದು ಚಿಕಿತ್ಸಾಲಯದಲ್ಲಿ ಹುಳುಕು ಹಲ್ಲುಗಳನ್ನು ತುಂಬಿಸಿ ಕಳಿಸುತ್ತಿದ್ದರೇ ವಿನಾ ಯಾರೂ ಆ ಜಾಗವನ್ನು ಮುಟ್ಟಿ ನೋಡಿರಲಿಲ್ಲ. ಬೇಗ ಗೊತ್ತಾಗುವುದು ಏಕೆ ಮುಖ್ಯವೆಂದರೆ, ಸ್ವೀಡನ್ನಿನ ದಂತ ಸಂಶೋಧಕರಾದ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10ರಿಂದ 13 ವರ್ಷದ ಮಕ್ಕಳಲ್ಲಿ ಹಾಲುಕೋರೆಯನ್ನು ಕಿತ್ತಷ್ಟರಿಂದಲೇ, ಅಂಗುಳದ ಕಡೆಗೆ ಸರಿದಿದ್ದ ಕೋರೆಹಲ್ಲುಗಳಲ್ಲಿ ಶೇ. 78ರಷ್ಟು ಸರಿದಾರಿಗೆ ಬಂದಿದ್ದವು. ಹಲ್ಲಿನ ತಲೆ ಪಕ್ಕದ ಬಾಚಿಹಲ್ಲಿನ ನಡುಗೆರೆಯನ್ನು ದಾಟಿರದಿದ್ದಾಗ ಆ ಪ್ರಮಾಣ ಶೇ. 91, ದಾಟಿದ್ದಾಗ ಶೇ. 64. ಮಗಳದ್ದು ಆ ಗೆರೆಯನ್ನು ಸಾಕಷ್ಟು ದಾಟಿತ್ತು, ಪಕ್ಕದ ಬೇರೂ ಸವೆಯತೊಡಗಿತ್ತು; ಹಾಗಾಗಿ ಹಾಲುಕೋರೆಯನ್ನಷ್ಟೇ ಕಿತ್ತು ಕಾದು ನೋಡುವ ಮಾರ್ಗವನ್ನು ವೈದ್ಯರು ಒಪ್ಪಲಿಲ್ಲ.

ಮೊದಲು ಬ್ರೇಸಸ್ ಹಾಕಿ ಜಾಗ ಬಿಡಿಸಿದರು. ಶಸ್ತ್ರಚಿಕಿತ್ಸೆಯ ದಿನ ಓರಲ್ ಸರ್ಜನ್ ಜೊತೆಗೆ ಆರ್ಥೊಡಾಂಟಿಸ್ಟ್ ಕೂಡ ಕೋಣೆಯಲ್ಲಿದ್ದರು. ಈ ವ್ಯವಸ್ಥೆ ಇಲ್ಲದ ಕಡೆ ನಾನಾಗಿದ್ದರೆ ಮಗುವನ್ನು ಒಪ್ಪಿಸುವುದಿಲ್ಲ. ಅಂಗುಳದಲ್ಲಿ ಕಿಂಡಿ ತೆರೆದು ಹಲ್ಲನ್ನು ಹಾಗೆಯೇ ಬಿಡುವ ವಿಧಾನವೊಂದು, ಹಲ್ಲಿಗೆ ಸರಪಳಿ ಅಂಟಿಸಿ ಅಂಗಾಂಶವನ್ನು ಮತ್ತೆ ಹೊಲಿಯುವ ವಿಧಾನ ಇನ್ನೊಂದು. ಇವೆರಡರಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿ, ಹಲ್ಲು ಆಳದಲ್ಲಿದ್ದ ಕಾರಣ ಎರಡನೆಯದನ್ನು ಆರಿಸಿದರು. ಹಲ್ಲು ಮೂಳೆಗೆ ಬೆಸೆದುಕೊಂಡಿದ್ದರೆ ಎಷ್ಟು ಎಳೆದರೂ ಬಾರದೆಂಬ ಎಚ್ಚರಿಕೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೊಟ್ಟಿದ್ದರು.

ಎಳೆಯುವ ಹಂತದಲ್ಲಿ ಅವರ ಕೌಶಲ ಕಂಡಿತು. ಖಾಲಿ ಜಾಗದ ಕಡೆಗೆ ನೇರವಾಗಿ ಎಳೆದಿದ್ದರೆ ಹಲ್ಲು ಆಗಲೇ ಸವೆದಿದ್ದ ಬೇರಿಗೆ ಉಜ್ಜುತ್ತಿತ್ತು. ಆದ್ದರಿಂದ ಮೊದಲು ಅದನ್ನು ಬೇರಿನಿಂದ ದೂರಕ್ಕೆ, ಅಂಗುಳದ ಕಡೆಗೂ ಹಿಂದಕ್ಕೂ ಸರಿಸಿ, ಆಮೇಲೆ ಸಾಲಿನತ್ತ ತಿರುಗಿಸಿದರು. ಬಲ ಬಹಳ ಹಗುರವಾಗಿತ್ತು, ಮತ್ತು ಉಳಿದ ಹಲ್ಲುಗಳು ಎಳೆತಕ್ಕೆ ಬಾಗದಂತೆ ದಪ್ಪ ತಂತಿಯನ್ನು ಮೊದಲೇ ಕೂರಿಸಿದ್ದರು. ಕೋರೆ ದೂರವಾದ ಮೇಲೆ ತೆಗೆದ ಚಿತ್ರದಲ್ಲಿ ಬಾಚಿಹಲ್ಲಿನ ಸವೆತ ನಿಂತಿರುವುದು ಕಂಡುಬಂತು.

ಕೊರತೆಗಳೂ ಇವೆ. ಎಷ್ಟು ಕಾಲ ಹಿಡಿಯುತ್ತದೆ ಎಂದು ಆರಂಭದಲ್ಲಿ ಕೊಟ್ಟ ಅಂದಾಜು ತೀರಾ ಆಶಾವಾದಿಯಾಗಿತ್ತು. ಇಂತಹ ಹಲ್ಲು ಸಾಲಿಗೆ ಬರಲು ಒಂದೂವರೆಯಿಂದ ಎರಡೂವರೆ ವರ್ಷ ಹಿಡಿಯುವುದು ಅಪರೂಪವೇನಲ್ಲ, ಅದನ್ನು ಮೊದಲೇ ಹೇಳಬಹುದಿತ್ತು. ಹೊಲಿಗೆ ಇರುವಾಗ ಬಾಯಿಯನ್ನು ಸ್ವಚ್ಛವಾಗಿಟ್ಟುಕೊಳ್ಳುವ ಕ್ರಮವನ್ನು ಅರಿವಳಿಕೆಯ ಮಂಪರಿನಲ್ಲಿ ಅಳುತ್ತಿದ್ದ ಹುಡುಗಿಗೆ ಬಾಯಿಮಾತಿನಲ್ಲಿ ಹೇಳಿದರೇ ಹೊರತು ಬರೆದು ಕೊಡಲಿಲ್ಲ. ಬ್ರೇಸಸ್ ಬಿಚ್ಚಿದ ದಿನವಂತೂ, ಹಲ್ಲುಗಳು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್ ಅನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದನ್ನು ನಾವೇ ಕೇಳಿ ತಿಳಿಯಬೇಕಾಯಿತು.

ಅಂಗುಳದ ಕಡೆಗೆ ಸರಿಯುವ ಕೋರೆಹಲ್ಲು ಕುಟುಂಬಗಳಲ್ಲಿ ಹರಿದುಬರುವುದುಂಟು ಎಂದು, ನಾವು ಕೇಳದಿದ್ದರೂ, 9 ವರ್ಷದ ಮಗನನ್ನೂ ಕರೆತರುವಂತೆ ಸೂಚಿಸಿದ್ದರು. ಅವನಿಗೆ ಎರಡೂ ಬದಿಯ ಉಬ್ಬು ಬೆರಳಿಗೆ ಸಿಕ್ಕಿತು. ಎಕ್ಸ್-ರೇ ಅಗತ್ಯವಿಲ್ಲವೆಂದು ಹೇಳಿ ಅವನನ್ನು ಮನೆಗೆ ಕಳಿಸಿದರು.