ಮುಕುರ್ತು ಬಳಸಿ ನೋಡಿದೆವು: ತಾಂಡಾದ ಹಾಡು ಯಾರು ಕೇಳಬೇಕು ಅಂತ ತಾಂಡಾದವರೇ ಹೇಳಬೇಕು

ಐದಕ್ಕೆ ನಾಲ್ಕು ಸ್ಟಾರ್. ಹಾಡು, ಫೋಟೋ, ಹಿರಿಯರ ಮಾತು ಎಲ್ಲಾ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು, ಆದರೆ ಅದನ್ನು ಯಾರು ನೋಡಬೇಕು, ಯಾರು ಕೇಳಬೇಕು ಅನ್ನುವುದು ನಮ್ಮವರ ಕೈಯಲ್ಲೇ ಇರಬೇಕು ಅನ್ನುವವರಿಗೆ ಮುಕುರ್ತು ತಂತ್ರಾಂಶವನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಆಮೇಲೆ ಬರೆಯುತ್ತೇನೆ.

ನಮ್ಮದು ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾ. ನಮ್ಮ ಮಾತು ಗೋರ್ ಬೋಲಿ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಜಾಸ್ತಿ ಜನ ಇದೇ ನಮ್ಮ ತಾಯಿನುಡಿ ಅಂತ ಬರೆಸಿದರು, ಆದರೂ ಲೆಕ್ಕ ಹಿಡಿದಿದ್ದು ಹಿಂದಿಯ ಒಳಗೆ. ಹಾಗಾಗಿ ನಿಮ್ಮ ಭಾಷೆಯ ಡೇಟಾ ಬೇಕು ಅಂತ ಯಾರಾದರೂ ಬಂದರೆ ನಮಗೆ ಮೊದಲು ಖುಷಿಯೇ ಆಗುತ್ತದೆ. ಹಿಂದೆ ಒಂದು ಕಂಪನಿಯವರು ಹಾಗೇ ಬಂದರು. ಹೆಂಗಸರನ್ನು ಕೂರಿಸಿ ಢಾವಲೋ ಹಾಡಿಸಿಕೊಂಡರು, ಅಂದರೆ ಮದುಮಗಳು ತವರು ಬಿಡುವಾಗ ಅಳುತ್ತಾ ಹಾಡುವ ಹಾಡು. ಒಪ್ಪಿಗೆ ಅಂದರೆ ಮೊಬೈಲಿನಲ್ಲಿ ಇಂಗ್ಲಿಷಿನ ಒಂದು ಪುಟ, ಕೆಳಗೆ ಒಂದು ಟಿಕ್. ಆ ಟಿಕ್ ಹಾಕಿದ್ದೂ ಅವರ ಹುಡುಗನೇ. ಆ ದನಿ ಈಗ ಎಲ್ಲಿದೆ, ಯಾವ ಎಐ ಅದರಿಂದ ಕಲಿಯಿತು, ಯಾರಿಗೆ ಮಾರಿದರು, ಕೇಳಿದರೆ ಫೋನ್ ಎತ್ತುವವರೇ ಇಲ್ಲ. ನನಗೆ ಈಗಲೂ ಸಿಟ್ಟಿದೆ.

ಮುಕುರ್ತು ಶುರುವಾಗಿದ್ದು ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್‌ನಲ್ಲಿ, ವರುಮುಂಗು ಅನ್ನುವ ಮೂಲನಿವಾಸಿಗಳ ಜೊತೆ ಸೇರಿ. ಅವರಲ್ಲಿ ಕೆಲವು ಫೋಟೋ ಹೆಂಗಸರಷ್ಟೇ ನೋಡಬೇಕು, ಕೆಲವು ಆ ಮನೆತನದವರಷ್ಟೇ ನೋಡಬೇಕು, ತೀರಿಕೊಂಡವರ ಚಿತ್ರಕ್ಕೆ ಬೇರೆಯೇ ಕಟ್ಟುಪಾಡು. ಆ ಕಟ್ಟುಪಾಡನ್ನೇ ತಂತ್ರಾಂಶದೊಳಗೆ ತಂದಿದ್ದಾರೆ. ಈಗ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ನೋಡಿಕೊಳ್ಳುತ್ತಾರೆ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ.

ನನಗೆ ತುಂಬಾ ಹಿಡಿಸಿದ್ದು ಅಪ್‌ಲೋಡ್ ಮಾಡುವ ಪುಟ. ಹಾಡಿನ ಫೈಲ್ ಹಾಕಿ ಸೇವ್ ಒತ್ತಿದರೆ ಆಗುವುದಿಲ್ಲ. ಇದು ಯಾವ ಸಮುದಾಯದ್ದು, ಇದಕ್ಕೆ ಯಾವ ಕಟ್ಟುಪಾಡು ಅಂತ ತುಂಬಲೇಬೇಕು. ಆ ಕಟ್ಟುಪಾಡುಗಳನ್ನು ಮೊದಲೇ ನಾವೇ ಮಾಡಿಟ್ಟಿರಬೇಕು, ಯಾವುದಕ್ಕೆ ಯಾರು ಸದಸ್ಯರು ಅಂತಲೂ ನಾವೇ ಸೇರಿಸಬೇಕು. ಇದರಿಂದ ಏನಾಯಿತು ಅಂದರೆ, ಕಂಪ್ಯೂಟರ್ ಮುಂದೆ ಕೂರುವ ಮೊದಲು ನಾಯಕ, ಕಾರಭಾರಿ, ಹಿರಿಯರನ್ನೆಲ್ಲ ಕೂರಿಸಿ ಮಾತಾಡಲೇಬೇಕಾಯಿತು. ಗಂಡಸರೆಲ್ಲ "ಎಲ್ಲಾನೂ ಹಾಕಿಬಿಡೂಣು, ಹೆಸರು ಬರತೈತಿ" ಅಂದರು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ತಡೆದಳು. "ಲೇಂಗಿ ಹೋಳಿಯಾಗ ಬಯಲಾಗ ಹಾಡೂದು, ಯಾರರೆ ಕೇಳ್ಲಿ. ಢಾವಲೋ ಹಂಗಲ್ಲಪಾ, ಅದು ಅಳೂದು. ನಮ್ಮ ಅಳೂದನ್ನ ಊರಿಗೆಲ್ಲ ಯಾಕ ಕೇಳಸ್ತಿ?" ಅದಾದ ಮೇಲೆ ವಾದವೇ ಇಲ್ಲ. ಲೇಂಗಿ ಎಲ್ಲರಿಗೂ, ತೀಜ್ ಹಾಡು ತಾಂಡಾದವರಿಗೆ, ಢಾವಲೋ ಹೆಂಗಸರಿಗೆ ಮಾತ್ರ.

ಇನ್ನೂ ಒಂದು ಕಡೆ ಇದು ಕೈ ಹಿಡಿಯಿತು. ತೀರಿಕೊಂಡ ಒಬ್ಬ ಹಾಡುಗಾರ್ತಿಯ ರೆಕಾರ್ಡಿಂಗ್ ಇತ್ತು. ಮಗಳು ಒಪ್ಪಿದಳು, ಆದರೆ ಮನೆಯ ಹೆಂಗಸರು ಮಾತ್ರ ಕೇಳಬೇಕು ಅಂದಳು. ಒಂದು ಫೈಲಿಗೆ ಎರಡು ಕಟ್ಟುಪಾಡು ಹಾಕಿ, ಎರಡರಲ್ಲೂ ಸದಸ್ಯರಾದವರಿಗೆ ಮಾತ್ರ ತೆರೆಯಲಿ ಅಂತ ಆರಿಸಬಹುದು. ಹಾಗೇ ಮಾಡಿದೆವು. ನಾನು ಗಂಡಸು, ಆ ಹಾಡು ನನ್ನ ಲಾಗಿನ್‌ನಲ್ಲಿ ಕಾಣುವುದಿಲ್ಲ. ಅದೇ ಸರಿ.

ಈಗ ತೊಂದರೆಗಳು. ನಾವು ಹಾಕಿಸಿದ್ದರಲ್ಲಿ ಬಟನ್‌ಗಳೆಲ್ಲ ಇಂಗ್ಲಿಷ್, ಹಾಡಿನ ವಿವರ ಮಾತ್ರ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು. ಸರ್ವರ್ ಬಾಡಿಗೆ ನಮ್ಮದೇ. ಮುಕುರ್ತು ನಿಂತಿರುವುದು ದ್ರುಪಲ್ ಅನ್ನುವ ವೆಬ್‌ಸೈಟ್ ಕಟ್ಟುವ ತಂತ್ರಾಂಶದ ಮೇಲೆ, ಅದು ಗೊತ್ತಿರುವ ಹುಡುಗ ಒಬ್ಬ ಇಲ್ಲದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಗೋವಾಕ್ಕೆ ದುಡಿಯಲು ಹೋದ ನಮ್ಮವರು ಸಣ್ಣ ಫೋನಿನಲ್ಲಿ ಹಾಡು ಕೇಳಲು ಹೋದರೆ ತುಂಬಾ ನಿಧಾನ.

ದೊಡ್ಡ ಕೊರತೆ ಎಐ ವಿಷಯದಲ್ಲಿ. ಹಾಡಿನ ಜೊತೆ ಟಿಕೆ ಲೇಬಲ್ (ಟ್ರೆಡಿಷನಲ್ ನಾಲೆಜ್, ಅಂದರೆ ಪರಂಪರೆಯ ಅರಿವಿನ ಚೀಟಿ) ಅಂತ ಹಾಕಬಹುದು: ಹೆಂಗಸರಿಗೆ ಮಾತ್ರ, ವ್ಯಾಪಾರಕ್ಕೆ ಬಳಸಬೇಡಿ, ಇಂಥ ಹಬ್ಬದ ಕಾಲಕ್ಕೆ ಮಾತ್ರ, ಹೀಗೆ. ಓದುವ ಮನುಷ್ಯನಿಗೆ ಅದು ಒಳ್ಳೆಯ ಮಾತು. ಆದರೆ ಹೊಲದ ಬದುವಿಗೆ ಬೋರ್ಡ್ ನೆಟ್ಟ ಹಾಗೆ ಅದು, ಬೇಲಿ ಅಲ್ಲ. ಎಲ್ಲರಿಗೂ ತೆರೆದಿಟ್ಟ ಫೈಲನ್ನು ಎಳೆದುಕೊಂಡು ಹೋಗುವವರನ್ನು ಲೇಬಲ್ ತಡೆಯುವುದಿಲ್ಲ. ಕಾನೂನು ತಡೆಯುತ್ತದಾ ಅಂದರೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಒಬ್ಬೊಬ್ಬ ವ್ಯಕ್ತಿಯ ಡೇಟಾಕ್ಕೆ ಅಷ್ಟೇ, ತಾಂಡಾಕ್ಕೆ ಅಂತ ಅದರಲ್ಲಿ ಹಕ್ಕಿಲ್ಲ. ಅಷ್ಟೇ ಅಲ್ಲ, ನಾವಾಗಿ ಎಲ್ಲರ ಮುಂದೆ ಇಟ್ಟ ನಮ್ಮ ವಿವರಕ್ಕೆ ಆ ಕಾಯ್ದೆ ಅನ್ವಯವೇ ಆಗುವುದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ಕ್ರಿಸ್ ಗೋಪಾಲಕೃಷ್ಣನ್ ಸಮಿತಿ ಸಮುದಾಯಕ್ಕೂ ಡೇಟಾ ಮೇಲೆ ಹಕ್ಕಿರಬೇಕು ಅಂತ ವರದಿಯಲ್ಲಿ ಬರೆದಿತ್ತು, ಅದು ಕಾನೂನಾಗಲಿಲ್ಲ. ಆದ್ದರಿಂದ ಎಲ್ಲರಿಗೂ ಅಂತ ಆರಿಸುವ ಮುಂಚೆ, ಇದನ್ನು ಎಐ ಕಂಪನಿ ತೆಗೆದುಕೊಂಡರೂ ಪರವಾಗಿಲ್ವಾ ಅಂತ ಹಾಡಿದವರನ್ನೇ ಕೇಳಿ.

ಇನ್ನು ನಮ್ಮದೇ ಎಐ ಮಾಡಿಕೊಳ್ಳಬೇಕು ಅನ್ನುವವರಿಗೆ ಇದೊಂದೇ ಸಾಲದು, ಇದು ಜೋಪಾನವಾಗಿ ಇಡುವ ಜಾಗ ಅಷ್ಟೇ. ನ್ಯೂಜಿಲೆಂಡಿನ ಕೈಟಾಯಾದಲ್ಲಿ ತೆ ಹಿಕು ಅನ್ನುವ, ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ರೇಡಿಯೋದವರು 2018ರಲ್ಲಿ ತಮ್ಮ ಜನರಿಂದಲೇ 10 ದಿನದಲ್ಲಿ 300 ಗಂಟೆಗೂ ಜಾಸ್ತಿ ಮಾತು ಓದಿಸಿ, ಅದನ್ನು ಹೊರಗಿನ ಕಂಪನಿಗೆ ಮಾರದೆ, ತಾವೇ ಮಾತನ್ನು ಬರಹ ಮಾಡುವ ವ್ಯವಸ್ಥೆ ಕಟ್ಟಿದರು. ಬಳಸುವವರಿಗೆ ತಮ್ಮದೇ ಪರವಾನಗಿ ಬರೆದರು. ನಮ್ಮಲ್ಲೂ ಆಗಬೇಕು. ಯಾರಾದರೂ ವಿಜಯಪುರ, ಬಾಗಲಕೋಟೆ ಕಡೆ ಈ ಕೆಲಸಕ್ಕೆ ಕೈ ಹಾಕಿದರೆ ನಾವು ಜೊತೆಗಿದ್ದೇವೆ.

ಹಾಕಿಸಿಕೊಳ್ಳುವವರು ಒಂದು ನೆನಪಿಡಿ. ಸರ್ವರ್ ಸಂಘದ ಹೆಸರಿನಲ್ಲಿ ಇರಲಿ, ಕಂಪ್ಯೂಟರ್ ಬಲ್ಲ ಹುಡುಗನ ಹೆಸರಿನಲ್ಲಿ ಬೇಡ. ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ, ಅದರಲ್ಲಿ ಒಬ್ಬರು ಹೆಂಗಸರಾಗಿರಲಿ. ಎಲ್ಲಾ ಹಾಡಿನ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ತಾಂಡಾದಲ್ಲೇ ಇಡಿ.